ಲವೋನ್ ಓದತೊಡಗಿದ ಮೇಲೆ

ಪಕ್ಕದ ಕೋಣೆಯಲ್ಲಿ ಹೆಂಡತಿ ನಕ್ಕಿದ್ದು ಕೇಳಿಸಿ ಆರ್ವಿಡ್ ಸೋಡರ್‌ಲಿಂಡ್‌ನ ಕೈಯಲ್ಲಿದ್ದ ರೇಜರು ಗಲ್ಲದ ಮೇಲೆ ಹಾಗೇ ನಿಂತಿತು. ದೊಡ್ಡ ನಗುವೇನಲ್ಲ. ಯಾರೋ ಕಿವಿಯ ಹತ್ತಿರ ಬಂದು ಏನೋ ಹೇಳಿದಾಗ ತಡೆಯಲಾಗದೆ ಮೂಗಿನಿಂದ ಹೊರಬೀಳುವಂಥದು. ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ, ರೇಡಿಯೋ ಹಾಕಿರಲಿಲ್ಲ, ಹೊರಗೆ ಸರೋವರದ ಮೇಲಿನ ಮಂಜಿನಲ್ಲಿ ಹಡಗುಗಳಿಗೆ ದಾರಿ ಹೇಳುವ ಕೊಂಬು ಮಾತ್ರ ಆಗಾಗ ಕೂಗುತ್ತಿತ್ತು. ಹಾಗಾದರೆ ಅವಳನ್ನು ನಗಿಸಿದ್ದು ಪುಸ್ತಕವೇ. ಯಾವ ಪುಟ? ಆ ಕಾದಂಬರಿಯನ್ನು ಅವನು ಎರಡು ಸಲ ಓದಿದ್ದ, ಅದರ ಬಗ್ಗೆ ಬರೆದೂ ಇದ್ದ. ನಗುವಂಥದು ಅದರಲ್ಲಿ ಏನೂ ಇರಲಿಲ್ಲ. ಕನ್ನಡಿಯಲ್ಲಿ ಅರ್ಧ ನೊರೆ, ಅರ್ಧ ಮುಖವಾಗಿ ನಿಂತಿದ್ದ ಗಂಡಸನ್ನು ನೋಡಿದ. ವಯಸ್ಸಾದ ಮೇಲೆ ಹೆಂಡತಿಯ ನಗುವಿನ ಜಾಡು ಹಿಡಿಯಲು ಬಚ್ಚಲಿನಲ್ಲಿ ಉಸಿರು ಬಿಗಿಹಿಡಿದು ನಿಂತಿರುವವನು. ಇನ್ನೊಂದು ಸಲ ನಕ್ಕಾಳೇನೋ ಎಂದು ಕಾದ. ನಗಲಿಲ್ಲ. ಪುಟ ತಿರುಗಿಸಿದ ಸದ್ದಷ್ಟೇ ಬಂತು, ಅದೂ ಅವಸರದ ಸದ್ದು.

ಅವಳು ಕಾಫಿಗೆ ನೀರಿಡಲು ಎದ್ದು ಹೋದದ್ದನ್ನು ಚಪ್ಪಲಿಯ ಸದ್ದಿನಿಂದಲೇ ತಿಳಿದು ಅವನು ಟವೆಲಿನಲ್ಲಿ ಮುಖ ಒರೆಸುತ್ತ ಕೋಣೆಗೆ ಬಂದ. ಪುಸ್ತಕ ಕುರ್ಚಿಯ ತೋಳಿನ ಮೇಲೆ ಬೋರಲಾಗಿ ಬಿದ್ದಿತ್ತು. ಹಾಗಿಟ್ಟರೆ ಬೆನ್ನು ಬಿಡುತ್ತದೆಂದು ಎಷ್ಟು ಸಲ ಹೇಳಿದ್ದ. ಎತ್ತಿಕೊಂಡು, ಒಂದು ಹಾಳೆ ಹಿಂದಕ್ಕೆ ತಿರುಗಿಸಿ, ಎದುರುಬದುರಿನ ಎರಡೂ ಪುಟಗಳನ್ನು ಓದಿದ. ಹೆಪ್ಪುಗಟ್ಟಿದ ಯಾವುದೋ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಹೆಂಗಸಿನ ಕತೆ ಅದು. ಕಲ್ಲು ಪರೀಕ್ಷಿಸಲು ಹೋದವಳು, ಜೊತೆಗಾರರು ಸತ್ತಿದ್ದಾರೆ, ಚಳಿಗಾಲ ಕಳೆದ ಮೇಲಷ್ಟೇ ಹಡಗು ಬರಬೇಕು. ಆಶ್ರಯಕ್ಕೆಂದು ಹೊಕ್ಕ ಗುಹೆಯೊಳಗೆ ಬಾಯಿಲ್ಲದ, ಕಣ್ಣಿಲ್ಲದ, ಗುಡ್ಡದ ಹಾಗೆ ಬಿದ್ದುಕೊಂಡ ಒಂದು ಪ್ರಾಣಿ. ಅವಳು ಅದರೊಂದಿಗೆ ಚಳಿಗಾಲವಿಡೀ ಮಾತಾಡುತ್ತಾಳೆ. ಲೆಕ್ಕ ಕಲಿಸಲು ನೋಡುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ. ಅದು ಮಿಸುಕುವುದಿಲ್ಲ. ಈ ಎರಡು ಪುಟಗಳಲ್ಲಿ ಅವಳು ತನ್ನ ತಾಯಿ ಮಾಡುತ್ತಿದ್ದ ಸೂಪಿನ ವಿಷಯ ಹೇಳಿ, ನಿನಗೇನು ಗೊತ್ತಾಗುತ್ತದೆ ಕಲ್ಲುಬಂಡೆ ಎಂದು ಅದನ್ನು ಜರಿದು, ಕೋಟು ಬಿಚ್ಚಿ ತಲೆಯಡಿಗಿಟ್ಟುಕೊಂಡು ಮಲಗುತ್ತಾಳೆ. ಅಷ್ಟೇ. ಆರ್ವಿಡ್ ಇನ್ನೊಮ್ಮೆ ಓದಿದ. ಪರಸ್ಥಳದಿಂದ ಬಂದ ಹೆಂಡತಿಯ ಕೋಟಿನ ಜೇಬು ತಡಕುವ ಗಂಡನ ಹಾಗೆ ಸಾಲು ಸಾಲನ್ನೂ ತಡಕಿದ. ಕೈಗೆ ಏನೂ ಸಿಗಲಿಲ್ಲ. ಅಡುಗೆಮನೆಯಲ್ಲಿ ಬಟ್ಟಲ ಸದ್ದಾಯಿತು. ಪುಸ್ತಕವನ್ನು ಮತ್ತೆ ಬೋರಲು ಹಾಕಿದ, ಬೆನ್ನು ಬಿಟ್ಟರೆ ಬಿಡಲಿ.

ಅವಳು ಇದನ್ನೆಲ್ಲ ಓದತೊಡಗಿದ್ದೇ ಈ ಚಳಿಗಾಲದಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ ನಿವೃತ್ತಳಾಗಿ ಒಂದು ತಿಂಗಳು ಮನೆಯ ಪರದೆಗಳನ್ನೆಲ್ಲ ಒಗೆದಳು, ಕಪಾಟುಗಳನ್ನು ಒರೆಸಿದಳು, ಆಮೇಲೆ ಒಂದು ದಿನ ಅವನು ತನ್ನ ಔಷಧದಂಗಡಿಯಿಂದ ಮನೆಗೆ ಬಂದಾಗ ಅವನ ಪುಸ್ತಕದ ಕಪಾಟಿನ ಮುಂದೆ ಧೂಳಿನ ಬಟ್ಟೆ ಹೆಗಲಿಗೆ ಹಾಕಿಕೊಂಡು ನಿಂತೇ ಓದುತ್ತಿದ್ದಳು. ಅವನಿಗೆ ಎಷ್ಟು ಸಂತೋಷವಾಗಿತ್ತು! ಯಾವುದರ ನಂತರ ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎಂದು ಊಟದ ಹೊತ್ತಿನಲ್ಲಿ ಉತ್ಸಾಹದಿಂದ ಹೇಳಿದ್ದ. ಅವಳು ಕೈಗೆ ಸಿಕ್ಕಿದ್ದನ್ನು ಓದಿದಳು. ಫೆಬ್ರವರಿಯ ಸಭೆಗೆ ಅವಳನ್ನು ಕರೆದುಕೊಂಡು ಹೋದವನೂ ಅವನೇ. ಸಾರ್ವಜನಿಕ ಲೈಬ್ರರಿಯ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ವೈಜ್ಞಾನಿಕ ಕಾದಂಬರಿಗಳ ಆ ಕ್ಲಬ್ಬನ್ನು ರುಡಿ ಪೆಲ್ಟೊನೆನ್ ಜೊತೆ ಸೇರಿ ಕಟ್ಟಿದ್ದು ಅವನು. ಅದರ ಮಾಸಿಕದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ 'ಓದುಗನ ಅನಿಸಿಕೆ' ಬರೆಯುತ್ತ ಬಂದವನು ಅವನು. ಆ ದಿನ ಚರ್ಚೆಗಿದ್ದದ್ದು ಮಂಗಳ ಗ್ರಹದಲ್ಲಿ ಗಾಜಿನ ಗೋಳದೊಳಗೆ ಕಟ್ಟಿದ ಒಂದು ನಗರದ ಕತೆ. ಗಾಳಿಯ ಒತ್ತಡದ ಬಗ್ಗೆ ಆರ್ವಿಡ್ ಹೇಳಿದ, ಆ ದಪ್ಪದ ಗಾಜು ತಡೆಯುವುದಿಲ್ಲವೆಂಬುದನ್ನು ತೋರಿಸಿದ. ಕೊನೆಗೆ ರುಡಿ ಮರ್ಯಾದೆಗೆಂದು, "ಲವೋನ್, ನಿಮಗೇನನ್ನಿಸ್ತು?" ಎಂದು ಕೇಳಿದ. ಲವೋನ್ ಮಡಿಲಲ್ಲಿದ್ದ ನಿಂಬೆಹಣ್ಣಿನ ಸಿಹಿತಿಂಡಿಯ ಪುಡಿಯನ್ನು ಕೊಡವುತ್ತ, "ಅಲ್ಲ, ಆ ಊರಲ್ಲಿ ಯಾರೂ ಬಟ್ಟೆ ಒಗೆಯೋದೇ ಇಲ್ವಾ?" ಎಂದಳು. ಎಲ್ಲರೂ ನಕ್ಕರು. ಆರ್ವಿಡ್ ನಾಚಿಕೆಯಿಂದ ಕುಗ್ಗಿದ. ಆದರೆ ನಗು ನಿಂತ ಮೇಲೆ ಶಾಲಾ ಬಸ್ಸು ಓಡಿಸುವ ಮರ್ನಾ, "ಹೌದಲ್ವಾ, ಅಷ್ಟು ಜನ, ಒಂದು ಒದ್ದೆ ಬಟ್ಟೆ ಕಾಣಲ್ಲ. ಅದಕ್ಕೇ ನಂಗೆ ಆ ಊರಿನ ಮೇಲೆ ನಂಬಿಕೆ ಬರಲಿಲ್ಲ ಅನ್ಸತ್ತೆ," ಎಂದಳು. ಮುಂದಿನ ಒಂದು ಗಂಟೆ ಅವರು ಮಾತಾಡಿದ್ದು ಅದನ್ನೇ. ಗಾಜಿನ ದಪ್ಪವನ್ನು ಯಾರೂ ಮತ್ತೆ ಎತ್ತಲಿಲ್ಲ.

ಮಾರ್ಚಿನಲ್ಲಿ ಒಬ್ಬ ವಿಜ್ಞಾನಿ ಕಾಲದಲ್ಲಿ ಹಿಂದಕ್ಕೆ ಹೋಗಿ ಒಬ್ಬ ಸರ್ವಾಧಿಕಾರಿಯನ್ನು ಕೊಲ್ಲುವ ಕಾದಂಬರಿ. ಅಷ್ಟು ಹಿಂದಕ್ಕೆ ಹೋಗೋಕೆ ದಾರಿ ಸಿಕ್ಕಿತ್ತು, ಒಂದು ನಿಮಿಷ ತನ್ನ ತಾಯಿ ಮನೆ ಕಿಟಕಿ ಹತ್ತಿರ ನಿಂತು ನೋಡಿ ಬರೋಣ ಅನ್ನಿಸಲಿಲ್ಲ ನೋಡಿ ಅವನಿಗೆ, ಅಂಥವನು ಯಾರನ್ನ ಬೇಕಾದ್ರೂ ಕೊಲ್ತಾನೆ ಬಿಡಿ ಎಂದಿದ್ದಳು. ರುಡಿ ಕಣ್ಣು ಒರೆಸಿಕೊಂಡಿದ್ದ; ಕುಲುಮೆಯಲ್ಲಿ ಕೆಲಸ ಮಾಡಿ ಕೈ ಸುಟ್ಟುಕೊಂಡರೂ ಕಣ್ಣು ತೇವವಾಗದ ರುಡಿ. ಆ ದಿನ ಮನೆಗೆ ಬಂದ ಆರ್ವಿಡ್ ತನ್ನ ಹಳೆಯ ಅನಿಸಿಕೆಗಳ ಕಟ್ಟನ್ನು ತೆಗೆದು ಕೂತ. ಇಂಧನ, ಕಕ್ಷೆ, ಈ ಕಲ್ಪನೆ ಮೊದಲು ಯಾರ ಕತೆಯಲ್ಲಿ ಬಂತು, ಯಾರು ಯಾರಿಂದ ಕದ್ದರು. ಎಲ್ಲವೂ ಸರಿಯಾಗಿತ್ತು. ಎಲ್ಲಿಯೂ ಒಂದು ತಪ್ಪಿರಲಿಲ್ಲ. ಯಾರಾದರೂ ಇದನ್ನು ಓದಿ ಕಣ್ಣು ಒರೆಸಿಕೊಂಡಿದ್ದರೇ ಎಂಬ ಪ್ರಶ್ನೆ ಅವನಿಗೆ ಅದುವರೆಗೆ ಬಂದಿರಲಿಲ್ಲ. ಬಂದ ಮೇಲೆ ಹೋಗಲೂ ಇಲ್ಲ.

ಅಡುಗೆಮನೆಯ ಮೇಜಿನ ಮೇಲೆ ರೈ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ. ಲವೋನ್ ಪುಸ್ತಕವನ್ನು ತಂದು ಸಕ್ಕರೆಯ ಡಬ್ಬಿಗೆ ಒರಗಿಸಿಟ್ಟುಕೊಂಡು ಓದುತ್ತಲೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಬೆಣ್ಣೆ ಒಂದೇ ಮೂಲೆಯಲ್ಲಿ ಗುಡ್ಡೆಯಾಗುತ್ತಿತ್ತು. ಓದುವಾಗ ಅವಳ ತುಟಿ ಸ್ವಲ್ಪ ಅಲುಗುತ್ತಿತ್ತು, ತಲೆ ಒಂದು ಕಡೆಗೆ ವಾಲುತ್ತಿತ್ತು. ಈ ಮುಖವನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಅವನು ಎದುರಿಗೆ ಕೂತು ಮೊಟ್ಟೆ ಸುಲಿದ. ಸಿಪ್ಪೆ ಬಿಡಲೊಲ್ಲದು.

"ಮಧ್ಯಾಹ್ನದೊಳಗೆ ಮುಗಿಯತ್ತಾ?" ಎಂದು ಕೇಳಿದ.

"ಹ್ಞೂಂ."

"ಎಲ್ಲಿಗೆ ಬಂದಿದೀಯ?"

"ಮಾತಾಡಿಸ್ಬೇಡ್ವೋ, ಹಡಗು ಬಂತು."

ಬೇಡವೋ ಎಂದಳು. ಮಕ್ಕಳಿಗೆ ಹೇಳಿದ ಹಾಗೆ. ಕಣ್ಣು ಮೇಲೆತ್ತಲಿಲ್ಲ. ಅವನ ಬಾಯಿಂದ ಹೊರಬಿದ್ದ ಧ್ವನಿ ಬಹಳ ಸಾಧಾರಣವಾಗಿತ್ತು, ಗಿರಾಕಿಗೆ ಮಾತ್ರೆಯನ್ನು ಊಟಕ್ಕೆ ಮುಂಚೆ ತಗೊಳ್ಳಿ ಎಂದು ಹೇಳುವ ಧ್ವನಿ. "ಕೊನೆಗೆ ಅವಳು ಹಡಗು ಹತ್ತಿ ಹೊರಟುಬಿಡ್ತಾಳೆ. ಹಡಗಿನೊಳಗಿನ ಬಿಸಿ ಒಂದೇ ಸಮ ಇರತ್ತೆ. ಆಗ ಅವಳಿಗೆ ಗೊತ್ತಾಗತ್ತೆ, ಗುಹೆಯಲ್ಲಿ ಬಿಸಿ ಏರ್ತಾ ಇಳೀತಾ ಇತ್ತು ಅಂತ. ಆ ಪ್ರಾಣಿ ಅಷ್ಟು ದಿನವೂ ಅವಳಿಗೆ ಉತ್ತರ ಕೊಡ್ತಾನೇ ಇತ್ತು. ಮೈ ಬಿಸಿ ಮಾಡ್ಕೊಂಡು. ಅದೇ ಅದರ ಭಾಷೆ."

ಲವೋನಳ ಕೈಯಲ್ಲಿ ಚಾಕು ನಿಂತಿತು. ಅವನು ಮೊಟ್ಟೆಗೆ ಉಪ್ಪು ಹಾಕಿದ. ಬಯ್ಯುತ್ತಾಳೆ, ಪುಸ್ತಕ ಎಸೆಯುತ್ತಾಳೆ ಎಂದುಕೊಂಡ. ಎಸೆಯಲಿ ಎಂದೇ ಆಸೆಯಿತ್ತೋ ಏನೋ. ಅವಳು ಅವನನ್ನು ನೋಡಿದಳು, ಸಿಟ್ಟಿನಿಂದಲ್ಲ, ಗುರುತಿನವರ ಹಾಗೆ ಕಾಣುವ ಯಾರನ್ನೋ ರಸ್ತೆಯಲ್ಲಿ ನೋಡಿದ ಹಾಗೆ. ಆಮೇಲೆ ಬೆಣ್ಣೆಯ ಗುಡ್ಡೆಯನ್ನು ಬ್ರೆಡ್ಡಿನ ಪೂರ್ತಿ ಸಮನಾಗಿ ಹರಡಿ ತಿಂದಳು. ಪುಸ್ತಕ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಮನೆಯಲ್ಲಿ ಹಗಲು ಹೊತ್ತು ಆ ಬಾಗಿಲು ಹಾಕಿದ್ದು ಅವನಿಗೆ ನೆನಪಿರಲಿಲ್ಲ. ಅವನು ಹೊರಗೆ ಕೂತು ಪತ್ರಿಕೆಯ ಹವಾಮಾನದ ಪುಟವನ್ನು ಓದಿದ. ಗೆದ್ದೆ ಎಂಬ ಭಾವನೆ ಮೊಟ್ಟೆ ಮುಗಿಯುವಷ್ಟರಲ್ಲೇ ಮುಗಿದಿತ್ತು. ಬಾಗಿಲ ಆಚೆಗಿನ ಪುಟದ ಸದ್ದಿಗೆ ಕಿವಿ ಕೊಟ್ಟ. ಈಗ ಆ ಸದ್ದು ನಿಧಾನವಾಗಿ ಬರುತ್ತಿತ್ತು, ಬಹಳ ನಿಧಾನವಾಗಿ.

ಮಧ್ಯಾಹ್ನ ಗುಡ್ಡದ ಮೇಲಿನಿಂದ ಕಾರು ಇಳಿಸುವಾಗ ಮಂಜು ಹರಿದು ಸರೋವರ ಕಂಡಿತು. ದಡದಲ್ಲಿ ಮಂಜುಗಡ್ಡೆ ಒಡೆದು ಒಂದರ ಮೇಲೊಂದು ಏರಿ ನಿಂತಿತ್ತು, ದೂರದಲ್ಲಿ ಅದಿರು ತುಂಬಿಕೊಳ್ಳಲು ಬಂದ ಋತುವಿನ ಮೊದಲ ಹಡಗು ಎತ್ತುಸೇತುವೆ ಮೇಲೇಳುವುದನ್ನು ಕಾಯುತ್ತಿತ್ತು. ಮದುವೆಗೆ ಮುಂಚೆ ಈ ದಡದಲ್ಲೇ ಅವಳನ್ನು ನಡೆಸಿಕೊಂಡು ಹೋಗುತ್ತ ಅವನು ಕಾದಂಬರಿಗಳನ್ನು ಹೇಳುತ್ತಿದ್ದ, ಒಂದು ಗ್ರಹ ಮುಗಿದರೆ ಇನ್ನೊಂದು. ಅವಳು ಕೇಳುತ್ತಿದ್ದಳು. ಇಷ್ಟು ಚೆನ್ನಾಗಿ ಕೇಳುವ ಹುಡುಗಿ ಇನ್ನೊಬ್ಬಳಿಲ್ಲವೆಂದೇ ಅವನು ಅವಳನ್ನು ಮದುವೆಯಾದದ್ದು; ಹಾಗೆಂದು ಸ್ನೇಹಿತರಿಗೆ ಹೇಳಿಕೊಂಡೂ ಇದ್ದ. ಅವಳು ಇಡೀ ದಿನ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಊರವರ ಧ್ವನಿ ಕೇಳಿ ದಣಿದು ಬರುವವಳು. ಸಂಜೆ ಮತ್ತೆ ಅವನದು ಶುರುವಾಗುತ್ತಿತ್ತು. ಅವಳಿಗೆ ಏನಾದರೂ ಹೇಳುವುದಿತ್ತೇ? ಕೇಳಿದ ನೆನಪಿಲ್ಲ. ಕಾರಿನೊಳಗೆ ಅವಳು ಪುಸ್ತಕವನ್ನು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದು ಕೂತಿದ್ದಳು. ಅವನು ಏನೂ ಕೇಳಲಿಲ್ಲ. ಅವಳಿಗೆ ಇವತ್ತು ಹೇಳಲು ಏನೂ ಉಳಿದಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಸುಳ್ಳೆಂದು ಅನುಮಾನವಿತ್ತು.

ನೆಲಮಾಳಿಗೆಯಲ್ಲಿ ಒದ್ದೆ ಉಣ್ಣೆಯ, ಕಾಫಿಯ ವಾಸನೆ. ಮಡಚುವ ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿದ್ದರು. ರುಡಿ ಇವರನ್ನು ಕಂಡೊಡನೆ, "ಬಂದ್ರು ನೋಡಿ! ಬನ್ನಿ ಲವೋನ್, ನಿಮ್ಮ ಹೆಸರಲ್ಲೇ ಒಂದು ಕುರ್ಚಿ ಇಟ್ಟಿದೀನಿ. ಏ ಆರ್ವಿಡ್, ನೀನೂ ಬಾರೋ, ನಿಂಗೂ ಎಲ್ಲಾದ್ರೂ ಜಾಗ ಇರತ್ತೆ," ಎಂದ. ಎಲ್ಲರ ಜೊತೆ ಆರ್ವಿಡ್ಡೂ ನಕ್ಕ. ಚರ್ಚೆ ಶುರುವಾಯಿತು. ಮೊದಲು ಅವನೇ ಮಾತಾಡಿದ, ಯಾವಾಗಲೂ ಮೊದಲು ಮಾತಾಡುವವನು ಅವನೇ. ಅಷ್ಟು ದೊಡ್ಡ ದೇಹ ಆ ಚಳಿಯಲ್ಲಿ ತಿನ್ನದೆ ಬದುಕುವುದು ಸಾಧ್ಯವಿಲ್ಲ, ಕಾದಂಬರಿಯ ಜೀವಶಾಸ್ತ್ರ ಬಡಕಲು, ನಡುಭಾಗ ಎಳೆತ, ಕೊನೆಯ ತಿರುವು ಮಾತ್ರ ಜಾಣತನದ್ದು ಎಂದ. ಜನ ತಲೆಯಾಡಿಸಿದರು. ಗಡಿಯಾರದ ಟಿಕ್‌ಟಿಕ್‌ಗೆ ತಲೆಯಾಡಿಸಿದ ಹಾಗೆ ಎಂದು ಅವನಿಗೆ ಮೊದಲ ಸಲ ಕಂಡಿತು. ಮರ್ನಾ, ಕೊನೆ ಓದುವಾಗ ಅಳು ಬಂತು ಎಂದಳು. ಇನ್ನೊಬ್ಬ, ಆ ಪ್ರಾಣಿಗೆ ಮೆದುಳು ಎಲ್ಲಿರಬಹುದೆಂದು ಊಹಿಸಿದ. ರುಡಿ ಕೈ ತಟ್ಟಿ, "ಸರಿ ಸರಿ, ಈಗ ಲವೋನ್," ಎಂದ.

ಲವೋನ್ ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟಳು. ಆರ್ವಿಡ್ ತನ್ನ ಶೂಗಳನ್ನು ನೋಡುತ್ತಿದ್ದ.

"ನಂಗೆ ಇದರ ಕೊನೆ ಓದೋಕೆ ಮುಂಚೇನೇ ಗೊತ್ತಾಗಿತ್ತು," ಎಂದಳು. "ಬೆಳಗ್ಗೆ ತಿಂಡಿ ತಿನ್ನುವಾಗ ಆರ್ವಿಡ್ ಹೇಳ್ದ."

"ಅಯ್ಯಯ್ಯೋ!" ಎಂದು ಮರ್ನಾ ಹೌಹಾರಿದಳು. "ಕೊನೆ ಹೇಳಿಬಿಟ್ನಾ? ಇವನನ್ನ ಗಲ್ಲಿಗೆ ಹಾಕ್ಬೇಕು!"

"ಇಲ್ಲ, ಒಳ್ಳೇದೇ ಆಯ್ತು. ಕೊನೆ ಗೊತ್ತಾದ ಮೇಲೆ ನಾನು ಮುಂದೆ ಓದಲಿಲ್ಲ, ಹಿಂದಕ್ಕೆ ಹೋದೆ. ಮೊದಲಿಂದ ಓದ್ದೆ. ಆಗ ನೋಡಿದ್ರೆ ಆ ಪ್ರಾಣಿ ಪ್ರತಿ ಪುಟದಲ್ಲೂ ಮಾತಾಡ್ತಿದೆ. ಅಮ್ಮನ ಸೂಪಿನ ವಿಷಯ ಬರತ್ತಲ್ಲ? ಅಲ್ಲಿ ಅವಳು ನಿಂಗೇನು ಗೊತ್ತಾಗತ್ತೆ ಬಂಡೆ ಅಂತ ಬೈತಾಳೆ. ಬೈತಾ ಬೈತಾ ಕೋಟು ಬಿಚ್ತಾಳೆ! ಅಂಥ ಚಳಿಯಲ್ಲಿ ಯಾರಾದ್ರೂ ಕೋಟು ಬಿಚ್ತಾರಾ? ಅದು ಅವಳ ಅಮ್ಮನ ಕತೆ ಕೇಳಿ ಬೆಚ್ಚಗಾಗಿದೆ. ಇವಳಿಗೆ ಸೆಕೆ ಆಗಿದೆ, ಗೊತ್ತಾಗಿಲ್ಲ. ಕೇಳಿಸ್ತಿಲ್ಲ ಅಂತ ಬೈಯೋದು, ಬೈತಾನೇ ಗುಂಡಿ ಬಿಚ್ಚೋದು. ನಂಗೆ ನಗು ತಡೆಯೋಕಾಗಲಿಲ್ಲ."

ಆರ್ವಿಡ್‌ನ ಕಿವಿ ಬಿಸಿಯಾಯಿತು. ಅವಳು ನಕ್ಕದ್ದು ಅವನು ಗಡ್ಡ ಮಾಡಿಕೊಳ್ಳುತ್ತಿದ್ದಾಗ. ಕೊನೆ ಹೇಳಿದ್ದು ಅದಾದ ಮೇಲೆ. ಅಂದರೆ ಅವನು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಎರಡು ಸಲ ಓದಿ, ಇವತ್ತು ಮೂರನೆಯ ಸಲ ಕಳ್ಳನಂತೆ ಸಾಲು ಸಾಲು ತಡಕಿಯೂ ಅವನು ಕಾಣದ ಕೋಟನ್ನು ಅವಳು ಮೊದಲ ಓದಿನಲ್ಲೇ ಕಂಡಿದ್ದಳು. ಅವನು ಕಿತ್ತುಕೊಳ್ಳಲು ಹೋದದ್ದು ಅವನ ಕೈಗೆ ಬಂದೇ ಇರಲಿಲ್ಲ. ಈಗ ಅವಳು ಅಷ್ಟು ಜನರೆದುರು ಅದನ್ನು ಅವನು ಕೊಟ್ಟದ್ದೆಂದು ಹೇಳುತ್ತಿದ್ದಾಳೆ. ಇದು ಅವರಿಬ್ಬರಿಗೆ ಮಾತ್ರ ಗೊತ್ತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಆದ್ರೆ ನಂಗೆ ಆ ಹೆಂಗಸಿನ ಮೇಲೆ ಕನಿಕರ ಬರಲಿಲ್ಲ," ಲವೋನ್ ಮುಂದುವರಿಸಿದಳು. ಧ್ವನಿ ಸಣ್ಣದಾಗಿತ್ತು, ಎಲ್ಲರೂ ಮುಂದಕ್ಕೆ ಬಾಗಿದರು. "ಪ್ರಾಣಿ ಮೇಲೆ ಸಿಟ್ಟು ಬಂತು. ಇಡೀ ಚಳಿಗಾಲ ಬಿಸಿಯಾಗ್ತಾ, ತಣ್ಣಗಾಗ್ತಾ, ಅವಳಿಗೆ ಯಾವತ್ತಾದ್ರೂ ತಿಳಿಯತ್ತೆ ಅಂತ ಬಿದ್ಕೊಂಡಿತ್ತಲ್ಲ. ಅಷ್ಟು ದೊಡ್ಡ ಮೈ ಇಟ್ಕೊಂಡು ಏನು ಬಂತು? ಒಂದ್ಸಲ ಎದ್ದು ಬಂದು ಅವಳ ಬೆನ್ನಿಗೆ ಒಂದು ಗುದ್ದಬಾರದಿತ್ತಾ?"

ಯಾರೂ ನಗಲಿಲ್ಲ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಈ ಕ್ಲಬ್ಬಿನಲ್ಲಿ ಚಪ್ಪಾಳೆ ತಟ್ಟುವ ರೂಢಿಯೇ ಇರಲಿಲ್ಲ. ರುಡಿ ಎದ್ದು ನಿಂತು ಆರ್ವಿಡ್‌ನ ಭುಜಕ್ಕೆ ತನ್ನ ದಪ್ಪ ಕೈ ಹಾಕಿದ. "ಪುಣ್ಯ ಮಾಡಿದೀಯ ಕಣೋ. ಕೊನೆ ಹೇಳಿ ಇಂಥ ಓದು ಓದಿಸ್ದೆ. ನೋಡು, ಬೇಜಾರು ಮಾಡ್ಕೋಬೇಡ, ನೀನೂ ಎಷ್ಟು ವರ್ಷ ಅಂತ ಬರೀತೀಯ, ದಣಿದಿರ್ತೀಯ. ಮುಂದಿನ ತಿಂಗಳಿಂದ ಅನಿಸಿಕೆ ಲವೋನ್ ಬರೀಲಿ ಅಂತ. ಏನಂತೀಯ?"

ವೃತ್ತದಲ್ಲಿದ್ದ ಮುಖಗಳೆಲ್ಲ ಅವನ ಕಡೆ ತಿರುಗಿದವು. ಲವೋನ್ ಒಬ್ಬಳೇ ತಿರುಗಲಿಲ್ಲ.

"ಬರೀಲಿ, ಬರೀಲಿ. ನಾನೇ ಹೇಳ್ಬೇಕು ಅಂತಿದ್ದೆ," ಎಂದ ಆರ್ವಿಡ್. ತನ್ನ ಹಲ್ಲುಗಳು ಕಾಣುತ್ತಿವೆ ಎಂಬುದು ಅವನಿಗೆ ಗೊತ್ತಾಗುತ್ತಿತ್ತು.

ಕೋಟುಗಳನ್ನು ತೂಗುಹಾಕಿದ ಓಣಿಯಲ್ಲಿ ಕೊನೆಗೆ ಅವರಿಬ್ಬರೇ ಉಳಿದರು. ಅವಳು ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಳ್ಳುತ್ತಿದ್ದಳು.

"ನಾನು ಅದನ್ನ ಬೇಕಂತಲೇ ಹೇಳಿದ್ದು," ಎಂದ.

"ಗೊತ್ತು."

"ಮತ್ತೆ ಅಲ್ಲಿ ಯಾಕೆ ಹಾಗಂದೆ? ನಾನೇನೋ ಉಪಕಾರ ಮಾಡ್ದೆ ಅನ್ನೋ ಹಾಗೆ?"

"ಇನ್ನೇನನ್ನಬೇಕಿತ್ತು? ನನ್ನ ಗಂಡ ಹೊಟ್ಟೆ ಉರ್ಕೊಂಡು ಹೇಳ್ದ ಅನ್ನಬೇಕಿತ್ತಾ?" ಅವಳು ವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಹಾಕಿದಳು. "ಒಂದೇ ಒಂದು ಪುಸ್ತಕ, ಆರ್ವಿಡ್. ನಿಂಗೆ ಗೋಡೆ ತುಂಬ ಇದೆ."

ಹೊರಗೆ ಮರ್ನಾ ಕಾರಿನ ಹಾರ್ನ್ ಒತ್ತಿದಳು. ಲವೋನ್ ಗಂಟನ್ನು ಬಿಗಿದುಕೊಂಡಳು. "ನಾವು ಮೂರ್ನಾಲ್ಕು ಜನ ಪೈ ತಿನ್ನೋಕೆ ಹೋಗ್ತಿದೀವಿ. ನೀನು ಮನೆಗೆ ಹೋಗು. ಅವಳೇ ಬಿಡ್ತಾಳೆ ನನ್ನ."

ಅವನು ಮನೆಗೆ ಹೊರಟ. ಗುಡ್ಡದ ತಿರುವಿನಲ್ಲಿ ಎಡಕ್ಕೆ ಹೋಗಬೇಕಾದ ಕಾರು ಬಲಕ್ಕೆ ಹೋಯಿತು. ಸರೋವರದ ರಸ್ತೆಯಲ್ಲಿದ್ದ, ಹಣ್ಣು ತುಂಬಿ ಬೇಯಿಸಿದ ಪೈಗಳನ್ನು ಮಾರುವ ಅಂಗಡಿಯ ಎದುರಿಗೆ, ರಸ್ತೆಯ ಆಚೆ ನಿಲ್ಲಿಸಿ ಇಂಜಿನ್ ಆರಿಸಿದ. ದೊಡ್ಡ ಕಿಟಕಿಯ ಒಳಗೆ ಅವಳು ಕಂಡಳು. ಮಾತಾಡುತ್ತಿದ್ದಳು. ಕೈಗಳು ಮೇಲೆ ಹೋಗುತ್ತಿದ್ದವು, ಅಗಲವಾಗುತ್ತಿದ್ದವು, ಮೇಜಿನ ಮೇಲೆ ಬಿದ್ದು ಮತ್ತೆ ಏಳುತ್ತಿದ್ದವು. ಅವಳ ಕೈಗಳಿಗೆ ಇಷ್ಟೆಲ್ಲ ಬರುತ್ತದೆಯೇ? ಉಳಿದ ಮೂವರು ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಬೇರೆ ಗಂಡಸೊಬ್ಬ ಅವಳ ಎದುರಿಗೆ ಕೂತಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು. ಹೋಗಿ ಕಾಲರು ಹಿಡಿಯಬಹುದಿತ್ತು, ಊರಿಗೆಲ್ಲ ಅರ್ಥವಾಗುತ್ತಿತ್ತು. ಒಂದು ಕಾದಂಬರಿ ನನ್ನ ಹೆಂಡತಿಯ ಬಾಯಿ ಬಿಡಿಸಿತು, ನನಗೆ ಆಗಲಿಲ್ಲ ಎಂದು ಯಾರ ಹತ್ತಿರ ದೂರು ಹೇಳುವುದು? ಕಾರಿನ ಗಾಜು ಅವನ ಉಸಿರಿನಿಂದ ಮಬ್ಬಾಯಿತು. ಒರೆಸಿದ. ಮತ್ತೆ ಮಬ್ಬಾಯಿತು. ಇಳಿದು, ಬೀದಿ ದಾಟಿ, ಅವರಿಗೆ ಕಾಣದಂತೆ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ, ಅವರಿಗೆ ಬೆನ್ನು ಹಾಕಿ ಕೌಂಟರಿನ ಎತ್ತರದ ಸ್ಟೂಲಿನ ಮೇಲೆ ಕೂತ. ಎಂಥ ಕೆಲಸ ಮಾಡುತ್ತಿದ್ದೇನೆಂಬ ನಾಚಿಕೆ ಇತ್ತು. ಎದ್ದು ಹೋಗುವಷ್ಟಿರಲಿಲ್ಲ. ಕಾಫಿ ಬಂತು.

"ಅದಿರ್ಲಿ ಲವೋನ್," ಮರ್ನಾಳ ಗಂಟಲು, ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಗಂಟಲು. "ನಿಂಗೆ ಈ ಹುಚ್ಚು ಎಲ್ಲಿಂದ ಹಿಡೀತೇ? ಇಷ್ಟು ವರ್ಷ ಈ ಕಡೆ ತಲೆ ಹಾಕ್ದವಳಲ್ಲ."

"ಹೊಟ್ಟೆಕಿಚ್ಚಿಂದ."

"ಸುಮ್ನಿರೇ."

"ನಿಜ ಕಣೇ. ಇವನು ಊಟಕ್ಕೆ ಕೂತ ತಕ್ಷಣ ಹೊರಟುಬಿಡ್ತಿದ್ದ. ನಾನು ಇಲ್ಲಿ ಆಲೂಗಡ್ಡೆ ಬಡಿಸ್ತಿದ್ರೆ ಅವನು ಶನಿಗ್ರಹದಲ್ಲಿ. ಹೇಳ್ತಾ ಹೇಳ್ತಾ ಕಣ್ಣು ಹೊಳೀತಿತ್ತು. ನನ್ನ ನೋಡಿ ಆ ಕಣ್ಣು ಹಾಗೆ ಹೊಳೆದಿದ್ದು ಯಾವಾಗ ಅಂತ ಯೋಚ್ನೆ ಮಾಡ್ತಾ ಕೂತಿರ್ತಿದ್ದೆ. ಬೇರೆ ಹೆಂಗಸಾಗಿದ್ರೆ ಹೋಗಿ ಜುಟ್ಟು ಹಿಡೀಬಹುದಿತ್ತು. ಪುಸ್ತಕಕ್ಕೆ ಜುಟ್ಟೆಲ್ಲಿದೆ? ಕೆಲಸ ಬಿಟ್ಟು ಮನೇಲಿ ಕೂತ ಮೇಲೆ ಇಡೀ ದಿನ ನಾನು, ಅವು. ಮನೆಯೊಳಗೆ ಸವತಿ ಇಟ್ಕೊಂಡು ಒಂದ್ಸಲ ಮುಖ ನೋಡ್ದೆ ಇರೋಕಾಗತ್ತಾ?"

"ನೋಡಿ?"

"ನೋಡಿದ್ರೆ ಚೆನ್ನಾಗಿದಾಳೆ ಕಣೇ! ನಂಗೂ ಇಷ್ಟ ಆಗಿಬಿಟ್ಳು." ಹೆಂಗಸರು ಗೊಳ್ಳನೆ ನಕ್ಕರು. ಲವೋನಳ ನಗುವೂ ಅದರಲ್ಲಿತ್ತು, ಆದರೆ ಬೇಗ ನಿಂತಿತು. "ಈಗ ನೋಡು, ಅವನಿಗೆ ಉರೀತಿದೆ. ಒಂದು ಮನೇಲಿ ಒಬ್ಬರಿಗೆ ಆರಿದ್ರೆ ಇನ್ನೊಬ್ಬರಿಗೆ ಹತ್ಕೊಳ್ಳತ್ತೆ."

ಆರ್ವಿಡ್ ಬಟ್ಟಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಆ ಸಂಜೆಗಳಲ್ಲಿ ತಾನು ಕಂಡ ಅವಳ ಮುಖವನ್ನು ನೆನೆಯಲು ನೋಡಿದ. ಬಡಿಸುವ ಕೈ ನೆನಪಿಗೆ ಬಂತು, ಬಳೆಯಿಲ್ಲದ ತೆಳ್ಳಗಿನ ಮಣಿಕಟ್ಟು ಬಂತು, ಮುಖ ಬರಲಿಲ್ಲ. ತಾನು ಈ ಎರಡು ತಿಂಗಳಿಂದ ತಿನ್ನುತ್ತಿರುವ ವಿಷವನ್ನು ಅವಳು ಅಷ್ಟೂ ವರ್ಷ ದಿನವೂ ಆಲೂಗಡ್ಡೆಯ ಜೊತೆ ತಿಂದಿದ್ದಳು. ಹಾಗೆ ತಿಳಿದರೆ ತನ್ನ ಉರಿ ಆರಬೇಕಿತ್ತು. ಆರಲಿಲ್ಲ. ಇದನ್ನೂ ಅವಳು ಹೇಳಿದ್ದು ಮರ್ನಾಳಿಗೆ, ತನಗಲ್ಲ ಎಂಬುದು ಹೊಸದಾಗಿ ಚುಚ್ಚಿತು. ಇಲ್ಲಿಂದ ಮೆಲ್ಲಗೆ ಎದ್ದು ಹೋಗುವುದೇ ಸರಿ ಎಂದು ಸ್ಟೂಲಿನಿಂದ ಒಂದು ಕಾಲು ಇಳಿಬಿಟ್ಟ.

"ಆರ್ವಿಡ್," ಎಂದಳು ಲವೋನ್, ಧ್ವನಿ ಎತ್ತರಿಸದೆ. "ಅಲ್ಲೇ ಕೂತು ಎಷ್ಟು ಹೊತ್ತು ಕದ್ದು ಕೇಳ್ತೀಯ? ಬಾ ಇಲ್ಲಿ."

ಮರ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಕೌಂಟರಿನ ಹಿಂದೆ ಪೈಗಳನ್ನಿಡುವ ಗಾಜಿನ ಪೆಟ್ಟಿಗೆಯಲ್ಲಿ ಅವನ ಮುಖ ಇಡೀ ಅಂಗಡಿಗೆ ಕಾಣುವ ಹಾಗೆ ಮೂಡಿತ್ತು. ಅವನು ಅದನ್ನು ಈಗ ಗಮನಿಸಿದ. ಅವಳು ಮೊದಲಿನಿಂದಲೂ ಗಮನಿಸಿರಬೇಕು. ಹಾಗಿದ್ದರೆ ಆ ಮಾತನ್ನು ಹೇಳಿದ್ದು ಯಾರಿಗೆ? ಬಟ್ಟಲು ಹಿಡಿದುಕೊಂಡು ಹೋದ. ನಾಲ್ಕೇ ಹೆಜ್ಜೆಯ ದೂರ ಬಹಳ ಉದ್ದವಾಗಿತ್ತು. ಹೆಂಗಸರು ಚೀಲ, ಕೋಟುಗಳನ್ನು ಎತ್ತಿಕೊಂಡು ಸರಿದರು. ಅವನು ಅಂಚಿನಲ್ಲಿ, ಒಂದು ತೊಡೆಯಷ್ಟು ಜಾಗದಲ್ಲಿ ಕೂತ. ಕಿಟಕಿಯ ಆಚೆ ಹಡಗು ಸೇತುವೆಯ ಕೆಳಗೆ ನಿಧಾನವಾಗಿ ಹಾಯುತ್ತಿತ್ತು.

ಪೈಗಳು ಬಂದವು. ಸೇಬಿನದು ಮರ್ನಾಳಿಗೆ, ಇನ್ನಿಬ್ಬರಿಗೆ ಚೆರ್ರಿಯದು. ಲವೋನಳ ಮುಂದೆ ಬಡಿಸುವ ಹುಡುಗಿ ಇಟ್ಟದ್ದು ರೂಬಾರ್ಬ್ ದಂಟಿನದು, ಅಂಚಿನಿಂದ ಕೆಂಪು ರಸ ತಟ್ಟೆಗೆ ಇಳಿಯುತ್ತಿತ್ತು, ಹುಳಿ ಮೂಗಿಗೆ ಬಡಿಯುತ್ತಿತ್ತು.

"ಇದು ಬೇರೆ ಯಾರದೋ ಇರ್ಬೇಕು," ಆರ್ವಿಡ್ ಆ ಹುಡುಗಿಗೆ ಹೇಳಿದ. "ಇವಳು ಹುಳಿ ತಿನ್ನಲ್ಲ."

"ನಂದೇ ಅದು," ಎಂದಳು ಲವೋನ್.

"ನಿಂಗೆ ಹುಳಿ ಆಗಲ್ವಲ್ಲ?"

"ಯಾರು ಹೇಳಿದ್ದು?"

ಯಾರು ಹೇಳಿದ್ದೆಂದು ಅವನು ಯೋಚಿಸಿದ. ಅವಳಿಗೆ ಕಸ್ಟರ್ಡಿನದು ಕೊಡಿ, ಹುಳಿ ಆಗಲ್ಲ ಎಂದು ಊರೂರಿನ ಅಂಗಡಿಗಳಲ್ಲಿ, ನೆಂಟರ ಮನೆಗಳಲ್ಲಿ, ಚರ್ಚಿನ ಊಟಗಳಲ್ಲಿ ಹೇಳಿದ ಧ್ವನಿ ಒಂದೊಂದಾಗಿ ಕೇಳಿಸಿತು. ಎಲ್ಲ ಸಲವೂ ಅದು ಅವನದೇ. ಮದುವೆಯಾದ ಬೇಸಿಗೆಯಲ್ಲಿ ಎಲ್ಲೋ ಒಂದು ಕಡೆ ಅವಳು ಒಂದು ತುಂಡನ್ನು ಅರ್ಧಕ್ಕೇ ಬಿಟ್ಟಿದ್ದಳು. ಹೊಟ್ಟೆ ತುಂಬಿತ್ತೋ ಏನೋ. ಅವನು ಕೇಳಿರಲಿಲ್ಲ.

ಲವೋನ್ ಚಮಚದಂಚಿನಿಂದ ದೊಡ್ಡ ತುಂಡು ಮಾಡಿ ಬಾಯಿಗಿಟ್ಟುಕೊಂಡಳು. ಹುಳಿಗೆ ಕಣ್ಣು ಕಿರಿದಾಯಿತು, ಭುಜ ಒಮ್ಮೆ ಜುಮ್ಮೆಂದಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ರೂಬಾರ್ಬಿನ ಬಗ್ಗೆ ಅವನಿಗೆ ತಿಳಿದದ್ದು ಬೇಕಾದಷ್ಟಿತ್ತು, ಅದರ ಎಲೆಯಲ್ಲಿ ಯಾವ ವಿಷವಿದೆ, ದಂಟಿನಲ್ಲಿ ಯಾವ ಆಮ್ಲವಿದೆ. ನಾಲಿಗೆಯ ತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿದ.

"ಹೇಗಿದೆ?" ಎಂದು ಕೇಳಿದ.

ಅವಳ ಬಾಯಿ ತುಂಬಿತ್ತು. ತಾಳು ಎಂಬಂತೆ ಕೈಯೆತ್ತಿದಳು. ಅವನು ತಾಳಿದ.